ಡಾಕ್ಟರ್ ಲಕ್ಷ್ಮೀಶರ ಮನೆಯ ಗಾಳಿ ಕೊಳವೆ

ಗಾಳಿಯ ವಿಷಯದಲ್ಲಿ ಡಾಕ್ಟರ್ ಲಕ್ಷ್ಮೀಶರಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲವೆಂದು ನಮ್ಮ ಕನ್ನಡ ಸಂಘದವರೆಲ್ಲ ನಂಬಿದ್ದರು. ನಂಬಿಸಿದವರೂ ಅವರೇ. ಕಾರಿನೊಳಗೆ ಬಿಸಿಗಾಳಿ ಎಲ್ಲಿಂದ ಹೊರಟು ಯಾರ ಕಾಲಿಗೆ ತಗಲಬೇಕು ಎಂಬುದರ ಮೇಲೆ ಪಿಎಚ್.ಡಿ. ಮಾಡಿ, ಜರ್ಮನಿಯ ಹೈಲ್‌ಬ್ರಾನ್ ಸುತ್ತಿನ ಒಂದು ಕಾರು ಬಿಡಿಭಾಗಗಳ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಅದನ್ನೇ ಲೆಕ್ಕ ಹಾಕಿದವರು. ಪಕ್ಕದ ಊರು ಅಬ್‌ಸ್ಟಾಟ್‌ನಲ್ಲಿ ಸ್ವಂತ ಮನೆ. ಸಂಘಕ್ಕೆ ಎರಡು ಸಲ ಅಧ್ಯಕ್ಷರು. ಬಾಯಿ ತೆರೆದರೆ ಮುಚ್ಚುವುದಕ್ಕೆ ಇನ್ನೊಬ್ಬರು ಬರಬೇಕು.

ನಾನು ಸ್ಪಂದನಾ, ಗದಗಿನವಳು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಜರ್ಮನ್ ಕಲಿತು, ಆಸ್‌ಬಿಲ್ಡುಂಗ್ ಸಿಕ್ಕಿ ಇಲ್ಲಿಗೆ ಬಂದೆ. ಅಂದರೆ ಕೆಲಸ ಮಾಡುತ್ತಲೇ ಕಸುಬು ಕಲಿಯುವುದು. ಮೂರೂವರೆ ವರ್ಷ ಹೀಟರ್, ನಲ್ಲಿ, ಗಾಳಿ ಕೊಳವೆಗಳ ನಡುವೆ ಕಳೆದು, ಪರೀಕ್ಷೆ ಪಾಸಾಗಿ, ಈಗ ಬಾಯರ್ಲೆ ಎಂಬ ಮುದುಕನ ಸಣ್ಣ ಫರ್ಮಾದಲ್ಲಿ ಪೂರ್ತಿ ಕೆಲಸಗಾರಳು. ಫರ್ಮಾ ಎಂದರೆ ನಾಲ್ಕು ಜನ, ಮೂರು ವ್ಯಾನು, ಒಂದು ಫೋನು.

ಲಕ್ಷ್ಮೀಶರನ್ನು ನಾನು ಮೊದಲು ಕಂಡದ್ದು ಸಂಘದ ರಾಜ್ಯೋತ್ಸವದಲ್ಲಿ. ಆಗ ನಾನಿನ್ನೂ ಕಲಿಯುತ್ತಿದ್ದೆ. ಹೊಸದಾಗಿ ಬಂದವರನ್ನು ವೇದಿಕೆಗೆ ಕರೆದು ಅವರು ಒಬ್ಬೊಬ್ಬರನ್ನೇ ಪರಿಚಯಿಸುತ್ತಿದ್ದರು. ಇವರು ಡ್ಯೂಸೆಲ್ಡಾರ್ಫಿನಲ್ಲಿ ಸಾಫ್ಟ್‌ವೇರ್ ಆರ್ಕಿಟೆಕ್ಟ್, ಇವರು ಹೃದಯದ ಡಾಕ್ಟರು, ಹೀಗೆ. ನನ್ನ ಸರದಿ ಬಂತು. ಹೀಟಿಂಗ್ ಮತ್ತು ಸ್ಯಾನಿಟರಿ ಕೆಲಸ ಕಲಿಯುತ್ತಿದ್ದೇನೆ ಎಂದೆ. ಅವರು ಮೈಕನ್ನು ತಮ್ಮ ಬಾಯಿಗೆ ಎಳೆದುಕೊಂಡು, ವಿದ್ಯಾರ್ಥಿಗಳು ಖರ್ಚಿಗಾಗಿ ಇಂಥ ಪಾರ್ಟ್‌ಟೈಮ್ ಕೆಲಸ ಮಾಡುವುದರಲ್ಲಿ ಅವಮಾನವೇನಿಲ್ಲ ಎಂದು ಸಭೆಗೆ ಸಮಾಧಾನ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ನನ್ನನ್ನು ಒಂದು ಆಪತ್ತಿನಿಂದ ಪಾರು ಮಾಡಿದ ಸಂತೋಷ ಎಲ್ಲರ ಮುಖದಲ್ಲಿ.

ಊಟವಾದ ಮೇಲೆ ಅಡುಗೆಮನೆಯ ಸಿಂಕಿನಲ್ಲಿ ಬಿಸಿಬೇಳೆಬಾತು ಸಿಕ್ಕಿಕೊಂಡು ನೀರು ನಿಂತಿತು. ಆಗ ಮಾತ್ರ ನನ್ನ ಕಸುಬು ಅವರಿಗೆ ನೆನಪಾಯಿತು. ನಮ್ಮ ಪ್ಲಂಬರ್ ಹುಡುಗಿ ಎಲ್ಲಿ ಎಂದು ಹುಡುಕಿಸಿದರು. ಇಳಕಲ್ ಸೀರೆಯ ಸೆರಗು ಸಿಕ್ಕಿಸಿಕೊಂಡು ಸಿಂಕಿನ ಕೆಳಗೆ ಕೂತು ಬಿಚ್ಚಿ ಸರಿ ಮಾಡಿದೆ. ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ಗ್ರೂಪ್ ಫೋಟೋ ಮುಗಿದಿತ್ತು. ಆಮೇಲೆ ನಾನು ಸಂಘದ ಕಡೆ ತಲೆ ಹಾಕಲಿಲ್ಲ.

ಕಳೆದ ನವೆಂಬರಿನಲ್ಲಿ ಒಂದು ಶುಕ್ರವಾರ ಬಾಯರ್ಲೆ ನನ್ನ ಕೈಗೆ ಒಂದು ವಿಳಾಸ ಕೊಟ್ಟ. ಅಬ್‌ಸ್ಟಾಟ್‌ನಿಂದ ಇಪ್ಪತ್ತು ನಿಮಿಷ ದೂರ, ದ್ರಾಕ್ಷಿ ಗುಡ್ಡಗಳ ಹಿಂದೆ ಕೆರೆ ದಂಡೆಯ ಕ್ಯಾಂಪಿಂಗ್‌ಪ್ಲಾಟ್ಸ್, ರಜೆಗೆ ಬಂದವರು ಡೇರೆ ಹಾಕುವ ಬಯಲು. ಅಲ್ಲೊಂದು ಮೋಬಿಲ್‌ಹೈಮ್. ಹೆಸರಿಗೆ ಮಾತ್ರ ಓಡಾಡುವ ಮನೆ. ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿದ ತಗಡಿನ ಉದ್ದ ಪೆಟ್ಟಿಗೆ, ಕೆಳಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿ ಮೂವತ್ತು ವರ್ಷವಾಗಿರುತ್ತದೆ, ಗಾಲಿಗೆ ಪಾಚಿ ಹಿಡಿದಿರುತ್ತದೆ. ಗ್ಯಾಸ್ ಹೀಟರ್ ಕಾಯಿಸಿದ ಗಾಳಿ ನೆಲದ ಕೆಳಗಿನ ಕೊಳವೆಗಳಲ್ಲಿ ಹರಿದು ಒಂದೊಂದು ಕೋಣೆಯಲ್ಲೂ ಜಾಲರಿಯಿಂದ ಮೇಲೆ ಬರಬೇಕು. ಇಲ್ಲಿ ಮಲಗುವ ಕೋಣೆಗೆ ಬರುತ್ತಿಲ್ಲವಂತೆ. ಗಿರಾಕಿ ದೂರಿನ ಜೊತೆ ಹದಿನಾಲ್ಕು ಪುಟದ ಪಿಡಿಎಫ್ ಕಳಿಸಿದ್ದಾನೆ, ನಾನು ಓದಿಲ್ಲ, ನೀನೂ ಓದಬೇಡ ಎಂದ ಬಾಯರ್ಲೆ. ಜೊತೆಗೆ ಬರಬೇಕಿದ್ದವನು ಜ್ವರದಲ್ಲಿ ಮಲಗಿದ್ದ. ಒಬ್ಬಳೇ ಹೋದೆ.

ಬಾಗಿಲು ತೆರೆದವರು ಡಾಕ್ಟರ್ ಲಕ್ಷ್ಮೀಶ. ಮನೆಯೊಳಗೇ ದಪ್ಪ ಜಾಕೆಟ್ಟು, ಕಿವಿ ಮುಚ್ಚುವ ಮಂಕಿ ಕ್ಯಾಪು. ನನ್ನನ್ನು ಕಂಡ ಕೂಡಲೇ ಅವರ ಮುಖ ಬಿಗಿಯಿತು, ಮರುಕ್ಷಣ ಏನೂ ಆಗದಂತೆ ಸಡಿಲಾಯಿತು. ಗುರುತು ಸಿಕ್ಕಿತ್ತು. ಆದರೆ ಗುರುತು ಸಿಗಬಾರದೆಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಜರ್ಮನ್‌ನಲ್ಲಿ ಗೂಟೆನ್ ಟಾಗ್ ಎಂದು, ಬೂಟು ಬಿಚ್ಚುವಂತೆ ಜರ್ಮನ್‌ನಲ್ಲೇ ಹೇಳಿದರು.

"ಸರ, ನಾ ಸ್ಪಂದನಾ. ಸಂಘದಾಗ ಭೆಟ್ಟಿ ಆಗಿದ್ವಿ," ಎಂದೆ.

ಅವರು ಜರ್ಮನ್ ಬಿಡಲಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ ತಮ್ಮ ಮನೆಯ ಗಾಳಿಯ ಚಿತ್ರ ತೋರಿಸತೊಡಗಿದರು. ಕೆಂಪು, ಹಳದಿ, ನೀಲಿ. ಬಾಣದ ಗುರುತುಗಳು ಮೀನಿನ ಹಿಂಡಿನಂತೆ ಓಡುತ್ತಿದ್ದವು. ಅವರ ಲೆಕ್ಕದ ಪ್ರಕಾರ ಫ್ಯಾನಿನ ಶಕ್ತಿ ಕಡಿಮೆ, ದೊಡ್ಡ ಫ್ಯಾನ್ ಹಾಕಬೇಕು, ಅಷ್ಟೇ. ಕೊಳವೆಗಳನ್ನು ಕೊನೆಗೆ ಬಿಚ್ಚಿ ನೋಡಿದ್ದು ಯಾವಾಗ ಎಂದು ಕೇಳಿದೆ. ಅದರ ಅಗತ್ಯವಿಲ್ಲ, ಮಾಡೆಲ್‌ನಲ್ಲಿ ಎಲ್ಲ ಬಂದಿದೆ ಎಂದರು.

ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ನಿರುಪಮಾ ಬಂದರು. ಐವತ್ತರ ಆಚೀಚಿನ ತೆಳ್ಳಗಿನ ಹೆಂಗಸು, ಮೈತುಂಬ ಶಾಲು. ಅವರಿಗೆ ನಟನೆ ಬರಲಿಲ್ಲ. "ಅಯ್ಯೋ, ಸ್ಪಂದನಾ ಅಲ್ವಾ ನೀವು? ಕೈ ಎಷ್ಟು ತಣ್ಣಗಿದೆ, ಕಾಫಿ ಮಾಡ್ತೀನಿ," ಎಂದುಬಿಟ್ಟರು. ಲಕ್ಷ್ಮೀಶರು ಹೆಂಡತಿಯ ಕಡೆ ನೋಡಿದ ನೋಟಕ್ಕೆ ಹಾಲು ಒಡೆಯಬೇಕು.

ನಾನು ಸುತ್ತ ನೋಡಿದೆ. ವಾರದ ಕೊನೆಗೆ ಬಂದು ಹೋಗುವವರ ಮನೆಯಾಗಿರಲಿಲ್ಲ ಅದು. ಮೂರು ಪ್ರೆಶರ್ ಕುಕ್ಕರು, ಇಪ್ಪತ್ತು ಕಿಲೋ ಅಕ್ಕಿಯ ಚೀಲ, ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ದೇವರ ಮಂಟಪ, ಕಾಲಿಡಲು ಜಾಗವಿಲ್ಲದಂತೆ ಡಬ್ಬಿಗಳು. ಎದುರು ಗೋಡೆಗೆ ಪುಸ್ತಕ ತುಂಬಿದ ದೊಡ್ಡ ಬೀರು. ಅದರ ಬುಡದಲ್ಲಿ ಬಾಗಿ ನೋಡಿದರೆ, ಕೋಣೆಯ ಗಾಳಿ ಹೀಟರಿಗೆ ವಾಪಸು ಹೋಗುವ ಜಾಲರಿಗೆ ಬೀರಿನ ಬೆನ್ನು ಅಂಟಿಕೊಂಡು ಕೂತಿದೆ. ಮೂಗು ಮುಚ್ಚಿ ಓಡು ಎಂದರೆ ಯಾವ ಫ್ಯಾನು ಓಡೀತು?

"ಈ ಬೀರು ಸರಸಬೇಕ್ರಿ," ಎಂದೆ.

ಸಾಧ್ಯವಿಲ್ಲ ಎಂದರು. ಯಾಕೆ ಎಂದು ಕೇಳಿದ್ದಕ್ಕೆ ಲ್ಯಾಪ್‌ಟಾಪಿನ ಕಡೆ ತಿರುಗಿಕೊಂಡರು. ನಿರುಪಮಾ ಕಾಫಿಯ ಲೋಟ ಕೈಗಿಡುತ್ತ ಮೆಲ್ಲಗೆ ಹೇಳಿದರು: ಆನ್‌ಲೈನ್ ಮೀಟಿಂಗಿನಲ್ಲಿ ಇವರ ಬೆನ್ನ ಹಿಂದೆ ಪುಸ್ತಕ ಕಾಣಬೇಕು, ಅದಕ್ಕೇ ಅಲ್ಲಿಟ್ಟಿರೋದು. ಗಾಳಿಯ ಡಾಕ್ಟರು ಸ್ವಂತ ಮನೆಯ ಗಾಳಿಯ ಬಾಯಿಗೆ ಪುಸ್ತಕ ತುರುಕಿದ್ದರು.

ಹೀಟರ್ ಆರಿಸಿ, ಜಾಲರಿಗಳನ್ನು ಒಂದೊಂದಾಗಿ ಎತ್ತಿದೆ. ಕೊಳವೆಯೊಳಗೆ ಹಿಂದಿನ ಯಜಮಾನರ ನಾಯಿಯ ಕೂದಲು ಕಂಬಳಿಯಂತೆ ಹಾಸಿತ್ತು. ಇಲಿ ಹಿಕ್ಕೆ, ಮರದ ಹೊಟ್ಟು, ಮಕ್ಕಳ ಆಟದ ಪ್ಲಾಸ್ಟಿಕ್ ತುಂಡುಗಳು, ಒಣಗಿ ಕಾಗದದಂತಾದ ಒಂದು ಇಲಿ. ಇಷ್ಟು ತಿಂಗಳು ಈ ದಂಪತಿ ಉಸಿರಾಡಿದ್ದು ಇದನ್ನು ಹಾದು ಬಂದ ಗಾಳಿಯನ್ನು. ಉದ್ದ ಸರಳಿಗೆ ಬ್ರಶ್ ಕಟ್ಟಿ ಒಂದು ತುದಿಯಿಂದ ತಿರುಗಿಸುತ್ತ, ಇನ್ನೊಂದು ತುದಿಗೆ ದೊಡ್ಡ ವ್ಯಾಕ್ಯೂಮ್ ಹಚ್ಚಿ ಎಲ್ಲ ಎಳೆದೆ. ಆ ಶಬ್ದದಲ್ಲೂ ಲಕ್ಷ್ಮೀಶರು ಪುಟ ಒಂಬತ್ತರ ಸಮೀಕರಣ ವಿವರಿಸುತ್ತಲೇ ಇದ್ದರು. ಎರಡು ತಾಸಿನ ಮೇಲೆ ಕೊಳವೆ ಹೊಳೆಯಿತು. ಹೀಟರ್ ಹಚ್ಚಿ ನೋಡಿದರೆ ಮಲಗುವ ಕೋಣೆಯ ಜಾಲರಿಯಲ್ಲಿ ಮಾತ್ರ ಗಾಳಿಯ ಸುಳಿವಿಲ್ಲ.

ಇನ್ನು ಮನೆಯ ಅಡಿಗೆ ಹೋಗಬೇಕು. ಸುತ್ತ ಮುಚ್ಚಿದ ಹಲಗೆಯೊಂದನ್ನು ತೆಗೆದು, ಪ್ಲಾಸ್ಟಿಕ್ ಹಾಸಿಕೊಂಡು, ತಲೆಗೆ ದೀಪ ಕಟ್ಟಿ ಬೆನ್ನ ಮೇಲೆ ಜಾರಿದೆ. ನೆಲಕ್ಕೂ ಮನೆಯ ಅಡಿಹೊಟ್ಟೆಗೂ ನಡುವೆ ಎರಡು ಅಡಿಯೂ ಇಲ್ಲ. ಕೆಸರು, ಗಾಜಿನ ಉಣ್ಣೆ, ಮಾರ್ಡರ್ ಹೇತ ವಾಸನೆ. ಮಾರ್ಡರ್ ಎಂದರೆ ನಮ್ಮ ಮುಂಗುಸಿಯಂಥ ಒಂದು ಪ್ರಾಣಿ. ಈ ಸೀಮೆಯಲ್ಲಿ ಕಾರಿನ ವೈರು ಕಡಿಯುವುದೇ ಅದರ ಉದ್ಯೋಗ. ಬೆಚ್ಚಗಿನ ಕೊಳವೆ ಸಿಕ್ಕರೆ ಬಿಟ್ಟೀತೇ.

ಮಲಗುವ ಕೋಣೆಯ ಕೆಳಗೆ ಬಂದು ದೀಪ ಎತ್ತಿದರೆ, ಒಂದು ಗೇಣು ದೂರದಲ್ಲಿ ಲಕ್ಷ್ಮೀಶರು ನನಗೆ ಕೈಮುಗಿದು ನಿಂತಿದ್ದರು. ಅದು ಸಂಘದ ಬ್ಯಾನರು. ಹಳದಿ ಕೆಂಪು ಅಂಚು, ನಡುವೆ ತಾಯಿ ಭುವನೇಶ್ವರಿ, ಪಕ್ಕದಲ್ಲಿ ಅವಳಿಗಿಂತ ದೊಡ್ಡದಾಗಿ ಅಧ್ಯಕ್ಷರು. ಅಡಿಹೊಟ್ಟೆಯ ಹಾಳೆ ಹರಿದ ಕಡೆಯಲ್ಲೆಲ್ಲ ಈ ಮಹಾನುಭಾವ ಹಳೆ ಬ್ಯಾನರುಗಳನ್ನು ಸ್ಟೇಪ್ಲರ್ ಹೊಡೆದು ಮುಚ್ಚಿದ್ದರು. ಅಧ್ಯಕ್ಷರ ಎಡಗೆನ್ನೆಯನ್ನು ಮಾರ್ಡರ್ ತಿಂದು, ಆ ತೂತಿನಿಂದ ಒಳಕ್ಕೂ ಹೊರಕ್ಕೂ ಓಡಾಡಿಕೊಂಡಿತ್ತು.

ಬ್ಯಾನರ್ ಕಿತ್ತೆ. ಮಲಗುವ ಕೋಣೆಗೆ ಹೋಗುವ ಬಾಗುವ ಕೊಳವೆ ಜಾಲರಿಯ ಕೆಳಗಿನ ಕುತ್ತಿಗೆಯಿಂದ ಕಳಚಿ ನೆಲಕ್ಕೆ ಬಾಯಿಬಿಟ್ಟು ಬಿದ್ದಿತ್ತು. ಅದನ್ನು ಹಿಂದೆ ಯಾರೋ ಪಾರ್ಸೆಲ್ಲಿಗೆ ಸುತ್ತುವ ಕಂದು ಟೇಪಿನಿಂದ ಅಂಟಿಸಿದ್ದರು. ಬಿಸಿಗೆ ಅಂಟು ಒಣಗಿ ಬಿಟ್ಟಿತ್ತು. ಯಾರೋ ಏನು, ಅವರೇ. ಟೇಪಿನ ಮೇಲೆ ಬಾಲ್‌ಪೆನ್ನಿನಲ್ಲಿ ತಾರೀಖು ಬರೆದು ಸಹಿ ಹಾಕಿದ್ದರು. ತಿಂಗಳುಗಟ್ಟಲೆ ಗ್ಯಾಸು ಉರಿಸಿ ಲಕ್ಷ್ಮೀಶರು ಕಾಯಿಸಿದ್ದು ಜರ್ಮನಿಯ ಮಣ್ಣನ್ನು.

ಹೊಸ ಕೊಳವೆ ಕೂರಿಸಲು ಎರಡು ಜೊತೆ ಕೈ ಬೇಕಿತ್ತು. ನಡುವೆ ಚೌಕಟ್ಟಿನ ಅಡ್ಡ ತೊಲೆ. ಆಚೆ ಒಬ್ಬರು ಕೊಳವೆಯನ್ನು ಕುತ್ತಿಗೆಗೆ ಒತ್ತಿ ಹಿಡಿದರೆ ಈಚೆಯಿಂದ ನಾನು ಕ್ಲ್ಯಾಂಪ್ ಬಿಗಿದು, ಸಂದಿಗೆ ಅಂಟು ಮೆತ್ತಿ, ಅಲ್ಯೂಮಿನಿಯಂ ಟೇಪ್ ಸುತ್ತಬಹುದು. ಹೊರಗೆ ಬಂದು ಲಕ್ಷ್ಮೀಶರಿಗೆ ಹೇಳಿದೆ. ಹತ್ತೇ ನಿಮಿಷ, ನೀವು ಆ ಕಡೆಯಿಂದ ಮಲಗಿ ಹಿಡಿದರೆ ಸಾಕು.

ಅವರು ನನ್ನ ಕೆಸರು ಬಟ್ಟೆ ನೋಡಿದರು, ತಮ್ಮ ಪ್ಯಾಂಟು ನೋಡಿದರು. ಆಮೇಲೆ ಫೋನ್ ತೆಗೆದು ಬಾಯರ್ಲೆಗೆ ಹಚ್ಚಿ, ನನ್ನ ಎದುರಿಗೇ, ಅರ್ಹತೆಯುಳ್ಳ ಬೇರೆ ಯಾರನ್ನಾದರೂ ಕಳಿಸಿ ಎಂದು ಕೇಳಿದರು. ಬಾಯರ್ಲೆಯ ಗಂಟಲು ದೊಡ್ಡದು, ನನಗೂ ಕೇಳಿಸಿತು. ಅರ್ಹತೆಯುಳ್ಳವಳು ಈಗ ನಿಮ್ಮ ಮುಂದೆಯೇ ನಿಂತಿದ್ದಾಳೆ, ಬೇಡವಾದರೆ ಮುಂದಿನ ದಿನಾಂಕ ಜನವರಿ ಇಪ್ಪತ್ತು.

ಫೋನ್ ಇಟ್ಟು ಅವರು ಮೊದಲ ಸಲ ಕನ್ನಡಕ್ಕೆ ಬಂದರು. "ನಂಗೆ ಬೆನ್ನು ನೋವಿದೆ," ಎಂದರು.

"ಯಾವಾಗಿಂದ?" ಎಂದು ನಿರುಪಮಾ ಕೇಳಿದರು. ಒಳಗೆ ಹೋಗಿ, ಗಂಡನ ಸ್ಕೀಯಿಂಗ್ ಜಾಕೆಟ್ ತೊಟ್ಟು, ಶಾಲನ್ನು ತಲೆಗೆ ಸುತ್ತಿಕೊಂಡು ಬಂದರು. ಇದೇನು ಹುಚ್ಚು, ನಮ್ಮ ಮನೆಯ ಹೆಂಗಸು ಕೆಸರಿನಲ್ಲಿ ತೆವಳುವುದೇ ಎಂದು ಲಕ್ಷ್ಮೀಶರು ಏನೇನೋ ಹೇಳುತ್ತಿದ್ದಂತೆಯೇ ನಿರುಪಮಾ ನೆಲಕ್ಕೆ ಮಲಗಿ ಜಾರಿಬಿಟ್ಟರು. ಮೊದಲ ಸಲಕ್ಕೇ ಹಾಗೆ ಜಾರುವವರನ್ನು ನಾನು ಕಂಡಿರಲಿಲ್ಲ. ನಾನೇ ಕಲಿಯಲು ವಾರ ತೆಗೆದುಕೊಂಡಿದ್ದೆ.

ತೊಲೆಯ ಈಚೆ ನಾನು, ಆಚೆ ಅವರು. ಮುಖ ಕಾಣದೆ ಮಾತಾಡುವುದು ಸುಲಭವೆನ್ನಿಸಿತೋ ಏನೋ, ಕೊಳವೆ ಒತ್ತಿ ಹಿಡಿದುಕೊಂಡೇ ಎಲ್ಲ ಹೇಳಿದರು. ಏಪ್ರಿಲ್‌ನಲ್ಲಿ ಕಂಪನಿ ನೂರಾರು ಜನರನ್ನು ಕೈಬಿಟ್ಟಾಗ ಗಂಡನ ಹೆಸರೂ ಇತ್ತು. ಅಬ್‌ಸ್ಟಾಟ್‌ನ ಮನೆಯನ್ನು ಬಾಡಿಗೆಗೆ ಕೊಟ್ಟು, ರಜೆಗೆಂದು ಕೊಂಡಿದ್ದ ಈ ಪೆಟ್ಟಿಗೆಗೆ ಬಂದು ಕೂತರು. ಸಂಘದವರಿಗೆ ಹೇಳಿದ್ದು, ಮಗಳು ಇಳಾ ದೂರದ ಯೇನಾ ಎಂಬ ಊರಿನಲ್ಲಿ ಸಂಶೋಧನೆ ಮಾಡುತ್ತಾಳೆ, ಅವಳ ಜೊತೆ ಇರಲು ಹೋದೆವು ಎಂದು. ಇಳಾಳಿಗೆ ಹೇಳಿದ್ದು, ಅಪ್ಪ ಪುಸ್ತಕ ಬರೆಯಲು ಶಾಂತವಾದ ಜಾಗ ಹುಡುಕಿದ್ದಾರೆ ಎಂದು. ಅಂಗಡಿಗೆ ಹೋಗುವುದೂ ಬೇರೆ ಊರಿಗೆ, ಯಾರಾದರೂ ಕಂಡಾರು ಎಂದು.

"ನಾನು ಕೆಲಸಕ್ಕೆ ಹೋಗ್ತೀನಿ ಅಂದೆ. ಬೇಕರೀಲಿ ಬೋರ್ಡ್ ಹಾಕಿದ್ರು. ಲಕ್ಷ್ಮೀಶನ ಹೆಂಡತಿ ಬ್ರೆಡ್ ಮಾರ್ತಾಳಾ ಅಂದ್ರು," ಎಂದರು ನಿರುಪಮಾ. "ಇಪ್ಪತ್ತು ವರ್ಷದ ಹಿಂದೆ ಜರ್ಮನ್ ಪರೀಕ್ಷೆ ಪಾಸು ಮಾಡಿದೀನಿ. ಮಾತಾಡೋಕೆ ಜನಾನೇ ಸಿಗ್ಲಿಲ್ಲ."

ಸುಳ್ಳು ಹೇಳುವುದಿಲ್ಲ, ಕೆಲಸ ಹೋದ ಸುದ್ದಿ ಕೇಳಿ ನನಗೆ ಒಳಗೊಳಗೇ ಹಿಗ್ಗಾಯಿತು. ಕೀಳು ಹಿಗ್ಗು. ಆ ಸಿಂಕು, ಆ ಚಪ್ಪಾಳೆ ಎಲ್ಲ ಬಡ್ಡಿ ಸಮೇತ ತೀರಿದಂತೆ. ಅದು ಕೀಳೆಂದು ಹೊಳೆದದ್ದು ಮನೆಗೆ ಹೋಗಿ ಸ್ನಾನ ಮಾಡುವಾಗ. ಆಗಲೂ ಬಹಳವೇನೂ ನಾಚಿಕೆಯಾಗಲಿಲ್ಲ.

ಕ್ಲ್ಯಾಂಪ್ ಬಿಗಿಯಿತು. ಮೇಲಿನಿಂದ ಫಕ್ಕನೆ ಬೆಳಕು ಬಿತ್ತು. ಲಕ್ಷ್ಮೀಶರು ಒಳಗೆ ಮಂಡಿಯೂರಿ, ಜಾಲರಿಯ ಅಂಚಿನ ಸಂದಿಯಿಂದ ಫೋನ್ ಇಳಿಬಿಟ್ಟು ಫೋಟೋ ತೆಗೆಯುತ್ತಿದ್ದರು. ಮಂಡಿ ಊರುವಾಗ ಬೆನ್ನು ನೋವು ಎಲ್ಲಿ ಹೋಗಿತ್ತೋ.

ಅಡಿಹೊಟ್ಟೆಗೆ ಸರಿಯಾದ ಹಾಳೆ ಹೊದಿಸಿ, ಮಾರ್ಡರ್ ನುಗ್ಗದಂತೆ ತಂತಿ ಬಲೆ ಹೊಡೆದು, ನಾನೂ ನಿರುಪಮಾ ಸೇರಿ ಬೀರನ್ನು ಪಕ್ಕಕ್ಕೆ ತಳ್ಳಿದೆವು. ಹೀಟರ್ ಹಚ್ಚಿದೆ. ಹತ್ತು ನಿಮಿಷದಲ್ಲಿ ಮಲಗುವ ಕೋಣೆಯ ಕಿಟಕಿಯ ಹಬೆ ಕರಗತೊಡಗಿತು. ಲಕ್ಷ್ಮೀಶರು ಜಾಲರಿಯ ಮೇಲೆ ಅಂಗೈ ಹಿಡಿದು, ಗಂಭೀರವಾಗಿ ತಲೆ ಆಡಿಸಿ, ಸೋರಿಕೆಯ ಸಾಧ್ಯತೆಯನ್ನು ತಾವು ಪುಟ ಹನ್ನೊಂದರ ಅಡಿಟಿಪ್ಪಣಿಯಲ್ಲಿ ಸೂಚಿಸಿದ್ದಾಗಿ ಹೇಳಿದರು.

ನಾನು ವ್ಯಾನಿಗೆ ಸಾಮಾನು ಹೇರುವಾಗ ಹಿಂದೆಯೇ ಬಂದರು. ಈಗ ಕನ್ನಡ, ಅದೂ ಮೆತ್ತನೆಯದು. "ನೋಡಮ್ಮ ಸ್ಪಂದನಾ, ಇದೆಲ್ಲ ಟೆಂಪೊರರಿ. ಸಂಘದಲ್ಲಿ ಸುಮ್ನೆ ಯಾರಿಗಾದ್ರೂ..."

"ಸರ, ನಾ ಸಂಘಕ್ಕ ಬರೂದು ಬಿಟ್ಟು ಭಾಳ ದಿನ ಆತ್ರಿ," ಎಂದೆ. "ಯಾರ ಮನಿ ಕೊಳವಿಯೊಳಗ ಏನ್ ಸಿಕ್ತು ಅಂತ ಊರ ತುಂಬ ಹೇಳ್ಕೋತ ಅಡ್ಡಾಡೂದು ನಮ್ಮ ಕಸಬಲ್ಲ. ಇಲ್ಲೊಂದು ಸಹಿ ಮಾಡ್ರಿ."

ಮಾಡಿದರು. ಹೆಸರಿನ ಹಿಂದೆ ಡಾಕ್ಟರ್ ಎಂದು ಬರೆಯುವುದನ್ನು ಮರೆಯಲಿಲ್ಲ.

ನಮ್ಮ ಆಫೀಸಿನಲ್ಲಿ ಫೋನ್ ನೋಡಿಕೊಳ್ಳುತ್ತಿದ್ದ ಹೆಂಗಸು ಡಿಸೆಂಬರಿಗೆ ನಿವೃತ್ತಿಯಾಗುವವಳಿದ್ದಳು. ಅದನ್ನು ನಾನು ಮನೆಯ ಅಡಿಯಲ್ಲಿ ನಿರುಪಮಾಗೆ ಹೇಳಿದ್ದೆ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಅವರು ಬಸ್ಸಿನಲ್ಲಿ ಬಂದು ನಿಂತಿದ್ದರು. ಬಾಯರ್ಲೆ ಅರ್ಧ ತಾಸು ಮಾತಾಡಿಸಿದ, ಒಂದು ಸಿಟ್ಟಿನ ಗಿರಾಕಿಯ ಫೋನನ್ನು ಕೈಗೆ ಕೊಟ್ಟು ನೋಡಿದ. ನಿರುಪಮಾ ಆ ಗಿರಾಕಿಯನ್ನು ಮೂರು ನಿಮಿಷದಲ್ಲಿ ತಣ್ಣಗೆ ಮಾಡಿದರು. ಬಾಯಿ ನಿಲ್ಲದ ಗಂಡಸರ ಜೊತೆ ಇಪ್ಪತ್ತೈದು ವರ್ಷದ ಅನುಭವ ಇತ್ತಲ್ಲ. ಜನವರಿಯಿಂದ ಕೆಲಸ. ಸಂಘದ ವಾಟ್ಸಾಪ್ ಗುಂಪಿನಲ್ಲಿ ಲಕ್ಷ್ಮೀಶರು, ಶ್ರೀಮತಿ ನಿರುಪಮಾ ಈಗ ಬಿಲ್ಡಿಂಗ್ ಟೆಕ್ನಾಲಜಿಯಲ್ಲಿ ಕನ್ಸಲ್ಟೆಂಟ್ ಎಂದು ಹಾಕಿದರು. ಅರವತ್ತು ಜನ ಹೆಬ್ಬೆರಳು ಎತ್ತಿದರು.

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ನಿರುಪಮಾ ನನಗೊಂದು ಲಿಂಕ್ ಕಳಿಸಿ, ನೋಡು ಎಂದರು. ಸಂಘದ ಆನ್‌ಲೈನ್ ಉಪನ್ಯಾಸ. ವಿಷಯ: ಇಂಧನ ಉಳಿತಾಯ, ಒಂದು ಸ್ವಂತ ಪ್ರಯೋಗ. ಉಪನ್ಯಾಸಕರು ಡಾಕ್ಟರ್ ಲಕ್ಷ್ಮೀಶ, ಯೇನಾ. ನಾನು ಚಹಾ ಹಿಡಿದು ಕೂತೆ. ಪರದೆಯ ಮೇಲೆ ನಮ್ಮ ಕೊಳವೆ ಬಂತು. ಕ್ಲ್ಯಾಂಪ್ ಬಂತು. ನನ್ನ ಕೈಗವಸು, ನಿರುಪಮಾರ ಬಳೆಯ ಅರ್ಧ, ಉಳಿದದ್ದನ್ನೆಲ್ಲ ಕತ್ತರಿಸಿದ್ದರು. ತಾವು ಮಾಡೆಲ್ ರಚಿಸಿ ಸೋರಿಕೆ ಪತ್ತೆ ಹಚ್ಚಿದ್ದು, ತಾವು ಜೋಡಣೆ ಮರುವಿನ್ಯಾಸ ಮಾಡಿದ್ದು, ಒಬ್ಬ ಸಹಾಯಕರಿಗೆ ನಿರ್ದೇಶನ ಕೊಟ್ಟದ್ದು, ಎಲ್ಲವನ್ನೂ ನಲವತ್ತು ನಿಮಿಷ ಹೇಳಿದರು. ಸಂಘದ ಖಜಾಂಚಿ ತುಂಬು ಮೆಚ್ಚುಗೆಯಿಂದ, ಇದು ಯೇನಾದ ಮನೆಯೇ ಸಾರ್ ಎಂದು ಕೇಳಿದರು. ಲಕ್ಷ್ಮೀಶರು ಹೌದು ಎಂದರು.

ಆಗ ನಿರುಪಮಾರ ದನಿ ಬಂತು. ಎರಡೆರಡು ಸಲ ಬಂತು: ಒಮ್ಮೆ ಅವರ ಫೋನಿನಿಂದ, ಒಮ್ಮೆ ತೆಳು ಗೋಡೆ ದಾಟಿ ಗಂಡನ ಲ್ಯಾಪ್‌ಟಾಪಿನ ಮೈಕಿನಿಂದ.

"ಅದು ಯೇನಾ ಅಲ್ಲ. ಕೆರೆ ಹತ್ರ ಕ್ಯಾಂಪಿಂಗ್‌ಪ್ಲಾಟ್ಸ್, ನಮ್ಮ ಮೋಬಿಲ್‌ಹೈಮ್. ಏಪ್ರಿಲ್‌ನಲ್ಲಿ ಇವರ ಕೆಲಸ ಹೋಯ್ತು, ಆಮೇಲಿಂದ ಇಲ್ಲೇ ಇದೀವಿ. ಕೊಳವೆ ಜೋಡಿಸಿದ್ದು ಸ್ಪಂದನಾ. ಹಿಡ್ಕೊಂಡಿದ್ದು ನಾನು. ಇವರು ಮೇಲೆ ಕೂತು ಫೋಟೋ ತೆಗೀತಿದ್ರು."

ಲಕ್ಷ್ಮೀಶರು ಬಾಯಿ ತೆರೆದರು, ಮುಚ್ಚಿದರು. ಕೊನೆಗೆ ಯಾರೋ ಒಬ್ಬರು ವೆರಿ ಇನ್ಫರ್ಮೇಟಿವ್ ಸೆಷನ್ ಎಂದು ಬರೆದು ಹೊರಟುಹೋದರು. ಉಳಿದವರಿಗೆ ಅದೇ ದಾರಿಯಾಯಿತು.

ಹನ್ನೊಂದು ದಿನ ಅವರು ಹೆಂಡತಿಯ ಜೊತೆ ಮಾತಾಡಲಿಲ್ಲವಂತೆ. ಹನ್ನೊಂದು ದಿನವೂ ಆಕೆ ಮಾಡಿಟ್ಟದ್ದನ್ನು ಉಂಡರಂತೆ. ಹನ್ನೆರಡನೆಯ ದಿನ ಇಳಾ ಯೇನಾದಿಂದ ಬಂದು, ಆ ಪೆಟ್ಟಿಗೆಯನ್ನು ಒಂದು ಸುತ್ತು ನೋಡಿ, ಅಪ್ಪನಿಗೆ ಜರ್ಮನ್‌ನಲ್ಲಿ ಏನೋ ಹೇಳಿದಳು. ಏನೆಂದು ನಿರುಪಮಾ ನನಗೆ ಹೇಳಲಿಲ್ಲ. ಈಗ ಲಕ್ಷ್ಮೀಶರು ಕೆಲಸಕ್ಕೆ ಅರ್ಜಿ ಬರೆಯುತ್ತಾರೆ. ಒಂದೊಂದು ಅರ್ಜಿ ಹದಿನಾಲ್ಕು ಪುಟ.

ಮಾರ್ಚಿನ ಮೊದಲ ವಾರ ಚಳಿ ಮತ್ತೆ ತಿರುಗಿತು. ನಾನು ಆಫೀಸಿನಲ್ಲಿ ಬೂಟು ಬಿಚ್ಚುತ್ತಿದ್ದೆ. ಫೋನಿನಲ್ಲಿ ಖಜಾಂಚಿ. ಅವರ ಹೀಟರ್ ನಿಂತು ಮೂರು ದಿನವಾಗಿತ್ತು. ನಿರುಪಮಾರ ಮನೆಯಲ್ಲಿ ಇಪ್ಪತ್ತು ಸಲವಾದರೂ ಉಂಡ ಮನುಷ್ಯ, ಅವರ ದನಿ ಗುರುತಿಸಲಿಲ್ಲ. ನಿರುಪಮಾ ಅಚ್ಚ ಜರ್ಮನ್‌ನಲ್ಲಿ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿಸಿದರು, ಪಿನ್‌ಕೋಡ್ ಎರಡು ಸಲ ಹೇಳಿಸಿದರು. ಸಾಧ್ಯವಾದರೆ ಜರ್ಮನ್ ಕೆಲಸಗಾರನನ್ನೇ ಕಳಿಸಿ ಎಂದು ಖಜಾಂಚಿ ಕೇಳಿಕೊಂಡರು.

ಜರ್ಮನ್ ಕೆಲಸಗಾರ ಏಪ್ರಿಲ್ ಎರಡನೆಯ ವಾರಕ್ಕೆ ಬಿಡುವಾಗುತ್ತಾನೆ ಎಂದರು ನಿರುಪಮಾ. ಗದಗಿನವಳು ನಾಳೆ ಬೆಳಿಗ್ಗೆ ಎಂಟಕ್ಕೇ ಬರಬಲ್ಲಳು.

ಆ ಕಡೆ ಸ್ವಲ್ಪ ಹೊತ್ತು ಹಲ್ಲು ಕಟಕಟಿಸುವ ಸದ್ದು. ಆಮೇಲೆ ಖಜಾಂಚಿ, ನಾಳೆಯೇ ಆಗಲಿ ಎಂದರು.